ಗಾಮಾ ಪರೀಕ್ಷೆಯಲ್ಲಿ ಶೇಕಡಾವಾರು ಮಾತ್ರ ಸಾಲದು: ನನ್ನ ಅನುಭವ

ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್‌ಗೆ ವಿಎಂಎಟಿ (ಯಂತ್ರ ರೋಗಿಯ ಸುತ್ತ ತಿರುಗುತ್ತಾ ವಿಕಿರಣ ಕೊಡುವ ವಿಧಾನ) ಚಿಕಿತ್ಸೆ ಆರಂಭಿಸುವ ಮೊದಲು, ಕಂಪ್ಯೂಟರ್ ಲೆಕ್ಕ ಹಾಕಿದ ಡೋಸ್ (ವಿಕಿರಣ ಪ್ರಮಾಣ) ಹಂಚಿಕೆಯನ್ನೇ ಯಂತ್ರವೂ ಕೊಡುತ್ತದೆಯೇ ಎಂದು ಖಚಿತಪಡಿಸಿಕೊಳ್ಳುವುದು ವೈದ್ಯಕೀಯ ಭೌತವಿಜ್ಞಾನಿಯಾದ ನನ್ನ ಹೊಣೆ. ದಿನದ ರೋಗಿಗಳೆಲ್ಲರ ಚಿಕಿತ್ಸೆ ಮುಗಿದ ಮೇಲೆ ಲಿನಾಕ್‌ನ (ವಿಕಿರಣ ಕೊಡುವ ಯಂತ್ರದ) ಔಟ್‌ಪುಟ್ ಪರಿಶೀಲಿಸಿ, ಫ್ಯಾಂಟಮ್‌ನೊಳಗೆ (ರೋಗಿಯ ದೇಹದ ಬದಲು ಇಡುವ ಮಾದರಿಯೊಳಗೆ) ಡಿಟೆಕ್ಟರ್ ಅರೇ (ವಿಕಿರಣ ಅಳೆಯುವ ಸಂವೇದಕಗಳ ಜಾಲ) ಇಟ್ಟು ಅಳೆಯುತ್ತೇನೆ.

ಡೋಸ್ ಕಡಿದಾಗಿ ಇಳಿಯುವ ಅಂಚಿನಲ್ಲಿ ಒಂದು ಮಿಲಿಮೀಟರ್ ಸರಿದರೂ ಡೋಸ್ ವ್ಯತ್ಯಾಸ ವಿಪರೀತವಾಗಿ ಕಾಣುತ್ತದೆ. ಡೋಸ್ ಸಮವಾಗಿರುವಲ್ಲಿ, ಅದೇ ಡೋಸ್ ಸಿಗುವ ಬಿಂದು ಎಷ್ಟು ದೂರದಲ್ಲಿದೆ ಎಂಬ ಅಳತೆಗೆ ಅರ್ಥವೇ ಇರುವುದಿಲ್ಲ. ಡೋಸ್ ವ್ಯತ್ಯಾಸ ಮತ್ತು ದೂರ ಎರಡನ್ನೂ ಒಂದೇ ಸಂಖ್ಯೆಯಲ್ಲಿ ಹಿಡಿಯುವ ಗಾಮಾ ಸೂಚ್ಯಂಕವನ್ನು 1998ರಲ್ಲಿ ಡೇನಿಯಲ್ ಲೋ ಮತ್ತು ಅವರ ಸಹೋದ್ಯೋಗಿಗಳು ಮುಂದಿಟ್ಟರು. ಡೋಸ್ ವ್ಯತ್ಯಾಸಕ್ಕೆ ಶೇ 3 ಮತ್ತು ದೂರಕ್ಕೆ 2 ಮಿ.ಮೀ. ಎಂಬ ಮಿತಿಯಲ್ಲಿ, ಒಂದು ಬಿಂದುವಿಗೆ ಅತಿ ಹತ್ತಿರದ ಹೊಂದಾಣಿಕೆಯು 1 ಮಿ.ಮೀ. ದೂರದಲ್ಲಿ ಶೇ 2ರ ಡೋಸ್ ವ್ಯತ್ಯಾಸದೊಂದಿಗೆ ಸಿಕ್ಕಿದರೆ ಗಾಮಾ ಸುಮಾರು 0.83 ಬರುತ್ತದೆ, 1ನ್ನು ಮೀರದ ಕಾರಣ ಆ ಬಿಂದು ಉತ್ತೀರ್ಣ. ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಸ್ಥೆಯಾದ ಎಎಪಿಎಂನ ಟಿಜಿ-218 ವರದಿ (2018) ಇದೇ ಮಿತಿಯಲ್ಲಿ ಶೇ 95ರಷ್ಟು ಬಿಂದುಗಳು ಉತ್ತೀರ್ಣವಾಗಬೇಕೆಂದೂ, ಶೇ 90ಕ್ಕಿಂತ ಕೆಳಗಿಳಿದರೆ ಕ್ರಮ ಕೈಗೊಳ್ಳಬೇಕೆಂದೂ ಹೇಳುತ್ತದೆ.

ಆದರೆ ಆ ಶೇಕಡಾವಾರನ್ನೇ ತೀರ್ಪೆಂದು ನಾನು ಒಪ್ಪುವುದಿಲ್ಲ. ಗ್ಲೋಬಲ್ ವಿಧಾನದಲ್ಲಿ ಶೇ 3 ಎಂದರೆ ಗರಿಷ್ಠ ಡೋಸ್‌ನ ಶೇ 3. ಗರಿಷ್ಠ 200 ಸೆಂಟಿಗ್ರೇ (ಡೋಸ್‌ನ ಏಕಮಾನ) ಇದ್ದರೆ 6 ಸೆಂಟಿಗ್ರೇ ವ್ಯತ್ಯಾಸಕ್ಕೆ ಎಲ್ಲೆಡೆಯೂ ಅನುಮತಿ ಸಿಗುತ್ತದೆ. ಬೆನ್ನುಹುರಿಯ ಬಳಿ 40 ಸೆಂಟಿಗ್ರೇ ಇರುವ ಬಿಂದುವಿನಲ್ಲಿ ಅದು ಶೇ 15ರಷ್ಟಾಗುತ್ತದೆ. ಆದ್ದರಿಂದ ಆಯಾ ಬಿಂದುವಿನ ಡೋಸ್‌ನ ಶೇ 3ನ್ನೇ ಮಿತಿಯಾಗಿ ಹಿಡಿಯುವ ಲೋಕಲ್ ವಿಧಾನದಲ್ಲಿ ಇನ್ನೊಮ್ಮೆ ಲೆಕ್ಕ ಹಾಕುತ್ತೇನೆ. ಇದರಲ್ಲಿ ಶೇಕಡಾವಾರು ಇಳಿಯುವುದು ಸಹಜ. ನನಗೆ ಬೇಕಾದದ್ದು ವಿಫಲ ಬಿಂದುಗಳ ನಕ್ಷೆ. ಅವು ಎಂಎಲ್‌ಸಿ ಎಲೆ (ವಿಕಿರಣ ಕಿರಣಕ್ಕೆ ಆಕಾರ ಕೊಡುವ ಲೋಹದ ಪಟ್ಟಿ) ಚಲಿಸುವ ದಿಕ್ಕಿನಲ್ಲಿ ಸಾಲಾಗಿದ್ದರೆ ಆ ಎಲೆಯ ಮೇಲೆಯೇ ಮೊದಲ ಅನುಮಾನ. ಅಂಚುಗಳೆಲ್ಲ ಒಂದೇ ಕಡೆಗೆ ಸರಿದಿದ್ದರೆ ಫ್ಯಾಂಟಮ್ ಇಟ್ಟ ಸ್ಥಾನವನ್ನು ಮತ್ತೆ ನೋಡುತ್ತೇನೆ.

ತಂತ್ರಾಂಶದಲ್ಲಿ ಎರಡು ಹಂಚಿಕೆಗಳನ್ನು ತಾನಾಗಿ ಸರಿಹೊಂದಿಸುವ ಆಯ್ಕೆಗಳನ್ನು ಮೊದಲ ಹೋಲಿಕೆಯಲ್ಲಿ ನಾನು ಬಳಸುವುದೇ ಇಲ್ಲ, ಏಕೆಂದರೆ ನಾವು ಹುಡುಕುತ್ತಿರುವ ದೋಷವನ್ನೇ ಅವು ಮುಚ್ಚಿಬಿಡಬಲ್ಲವು. ಯಾವ ಹಂಚಿಕೆಯನ್ನು ಆಧಾರವೆಂದು ಹಿಡಿಯುತ್ತೇವೆ ಎಂಬುದೂ ಮುಖ್ಯ: ಹೋಲಿಕೆಗೆ ಒಳಪಡುವ ಹಂಚಿಕೆಯಲ್ಲಿ ಏರುಪೇರಿನ ಗದ್ದಲವಿದ್ದರೆ, ಆಕಸ್ಮಿಕ ಹೊಂದಾಣಿಕೆಗಳು ಸಿಕ್ಕಿ ಗಾಮಾ ಕೃತಕವಾಗಿ ಇಳಿಯುತ್ತದೆ. ಬೆನ್ನುಹುರಿಯ ಬಳಿ ವಿಫಲ ಬಿಂದುಗಳು ಗುಂಪಾಗಿ ಕಂಡರೆ, ಒಟ್ಟು ಫಲಿತಾಂಶ ಶೇ 97 ಇದ್ದರೂ, ಆ ಜಾಗದಲ್ಲಿ ಅಯಾನ್ ಚೇಂಬರ್‌ನಿಂದ (ಒಂದು ಬಿಂದುವಿನ ಡೋಸ್ ಅಳೆಯುವ ಉಪಕರಣದಿಂದ) ಪ್ರತ್ಯೇಕವಾಗಿ ಅಳೆದು ತೃಪ್ತಿಯಾಗುವವರೆಗೆ ನಾನು ಆ ಪ್ಲಾನ್‌ಗೆ ಸಹಿ ಹಾಕುವುದಿಲ್ಲ.