ಸೀರಿಯಲ್ ಪೆಟ್ಟಿಗೆಯ ರಟ್ಟಿನ ಮೇಲೆ ಬೇಸ್‌ಬಾಲ್ ಕಾರ್ಡು: ನನ್ನ ಅನುಭವ

ಪೋಸ್ಟ್ ಎಂಬ ಅಮೆರಿಕದ ಕಂಪನಿ ಬೆಳಗಿನ ತಿಂಡಿಯ ಸೀರಿಯಲ್ ಪೆಟ್ಟಿಗೆಗಳ ಹಿಂಬದಿಯಲ್ಲಿ ಅಚ್ಚು ಹಾಕುತ್ತಿದ್ದ, ಬೇಸ್‌ಬಾಲ್ ಆಟಗಾರರ ಚಿತ್ರವಿರುವ 1961ರ ಕಾರ್ಡುಗಳ ಮಾದರಿಯಲ್ಲಿ ಹೊಸ ಕಾರ್ಡು ಮಾಡುವುದು ಮನೆಯ ಪ್ರಿಂಟರಿನಿಂದ ಆಗದ ಕೆಲಸ ಎಂದು ಮಿಷಿಗನ್ನಿನ ಕಾರ್ಡು ಸಂತೆಗಳಲ್ಲಿ ನನಗೆ ಹೇಳದವರಿಲ್ಲ. ಚಿತ್ರವನ್ನೂ ಅಕ್ಷರವನ್ನೂ ಹೇಗಾದರೂ ಹೊಂದಿಸಬಹುದು, ಆದರೆ ಕೈಗೆತ್ತಿಕೊಂಡ ಕೂಡಲೇ ಅದು ಹೊಸದೆಂದು ಗೊತ್ತಾಗಿಬಿಡುತ್ತದೆ ಎಂಬುದು ಅವರ ವಾದವಾಗಿತ್ತು. ಈಗ ನನ್ನ ಕಾರ್ಡುಗಳನ್ನು ಅಸಲಿ ಕಾರ್ಡುಗಳ ಪಕ್ಕದಲ್ಲಿಟ್ಟರೆ, ಹಿಂಬದಿಯಲ್ಲಿ ನಾನು ಒತ್ತಿರುವ ಮುದ್ರೆಯನ್ನು ನೋಡುವವರೆಗೆ ಅವರೂ ತಡವರಿಸುತ್ತಾರೆ. ಚಹಾದ ನೀರಿನಲ್ಲಿ ಅದ್ದುವುದು, ಮೂಲೆಗಳನ್ನು ಉಪ್ಪುಕಾಗದದಿಂದ ಉಜ್ಜುವುದು ಮುಂತಾದ ಯಾವ ಉಪಾಯವನ್ನೂ ನಾನು ಬಳಸಿಲ್ಲ. ಕಾರ್ಡಿನ ಹಳೆಯ ಕಳೆ ಇರುವುದು ರಟ್ಟಿನಲ್ಲಿ ಮತ್ತು ಅಚ್ಚಿನ ಚುಕ್ಕಿಗಳಲ್ಲಿ. ಅವೆರಡೂ ಸರಿಯಾದರೆ ಬಣ್ಣಗೆಡಿಸುವ ಅಗತ್ಯವೇ ಬೀಳುವುದಿಲ್ಲ.

ಆಟಗಾರರ ಆಯ್ಕೆಯನ್ನು ಚಿತ್ರಗಳೇ ನಿರ್ಧರಿಸಿದವು. ಅರವತ್ತರ ದಶಕದ ಛಾಯಾಚಿತ್ರಗಳ ಹಕ್ಕು ಇನ್ನೂ ಯಾರದೋ ಕೈಯಲ್ಲಿರುತ್ತದೆ. ಅಮೆರಿಕದ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿರುವ, ಬೇನ್ ಎಂಬ ಹಳೆಯ ಸುದ್ದಿಚಿತ್ರ ಸಂಸ್ಥೆಯ ಸಂಗ್ರಹದ ಗಾಜಿನ ನೆಗೆಟಿವ್‌ಗಳಿಗಾದರೋ ಅಂತಹ ತೊಡಕಿಲ್ಲ, ಮತ್ತು ಅವುಗಳ ಸ್ಪಷ್ಟತೆ ಇಂದಿನ ಕ್ಯಾಮೆರಾಗಳನ್ನೂ ನಾಚಿಸುವಂಥದು. ಆದ್ದರಿಂದ 1911ರಲ್ಲಿ .420 ಬ್ಯಾಟಿಂಗ್ ಸರಾಸರಿಯಲ್ಲಿ 248 ಹಿಟ್ ಬಾರಿಸಿದ ಟೈ ಕಾಬ್, ವೃತ್ತಿಜೀವನದಲ್ಲಿ 309 ಟ್ರಿಪಲ್‌ಗಳ (ಒಂದೇ ಹೊಡೆತದಲ್ಲಿ ಮೂರನೆಯ ಬೇಸ್ ಮುಟ್ಟುವುದು) ದಾಖಲೆಯಿರುವ ಸ್ಯಾಮ್ ಕ್ರಾಫರ್ಡ್, ಪಿಚರ್ ಆಗಿ, ಅಂದರೆ ಚೆಂಡೆಸೆಯುವವನಾಗಿ, 417 ಪಂದ್ಯ ಗೆಲ್ಲಿಸಿದ ವಾಲ್ಟರ್ ಜಾನ್ಸನ್, 1912ರಲ್ಲಿ 34 ಪಂದ್ಯ ಗೆದ್ದು ಐದೇ ಸೋತ ಪಿಚರ್ ಜೋ ವುಡ್ ಇವರನ್ನೆಲ್ಲ ಸುಮಾರು ಅರ್ಧ ಶತಮಾನದಾಚೆಯ ಪೆಟ್ಟಿಗೆಯ ಹಿಂಬದಿಗೆ ತರುವುದೆಂದು ತೀರ್ಮಾನಿಸಿದೆ. ಕಪ್ಪುಬಿಳುಪಿಗೆ ಬಣ್ಣ ಹಾಕುವುದನ್ನು ನೀವೆಲ್ಲ ಬಲ್ಲಿರಿ. ಚರ್ಮದ ಬಣ್ಣವನ್ನು ಒಂದೇ ಪದರದಲ್ಲಿ ಮುಗಿಸಬೇಡಿ ಎಂಬುದೊಂದೇ ನನ್ನ ಮಾತು.

ಹಣ ನೀರಾಗಿ ಹೋದದ್ದು ರಟ್ಟಿನ ವಿಷಯದಲ್ಲಿ. ಒಂದು ಬದಿ ಬಿಳಿಯ ಲೇಪ, ಇನ್ನೊಂದು ಬದಿ ಬೂದುಬಣ್ಣ ಇರುವ ಪೆಟ್ಟಿಗೆ ರಟ್ಟನ್ನು ಹಾಳೆಗಟ್ಟಲೆ ತರಿಸಿಕೊಂಡೆ. ಇಂಕ್‌ಜೆಟ್‌ನ ಮಸಿಯನ್ನು ಆ ಲೇಪ ಹೀರಿಕೊಳ್ಳಲೇ ಇಲ್ಲ. ರಾತ್ರಿಯಿಡೀ ಒಣಗಲು ಬಿಟ್ಟ ಹಾಳೆಯ ಮೇಲೆ ಬೆಳಿಗ್ಗೆ ಬೆರಳಾಡಿಸಿದರೆ ಕ್ರಾಫರ್ಡನ ಮುಖವೇ ಅಳಿಸಿಹೋಗುತ್ತಿತ್ತು. ಲೇಸರ್ ಪ್ರಿಂಟರಿನಲ್ಲಿ ಅರ್ಧ ಮಿಲಿಮೀಟರಿನಷ್ಟು ದಪ್ಪದ ರಟ್ಟು ನೆಟ್ಟಗೆ ಹಾಯುವ ಹಿಂದಿನ ದಾರಿಯಿಂದ ಮಾತ್ರ ಸಾಗಿತು. ಸಾಗಿದರೂ ಶಾಖ ಸಾಲದೆ ಟೋನರ್ (ಲೇಸರಿನ ಪುಡಿಮಸಿ) ಸರಿಯಾಗಿ ಕಚ್ಚಿಕೊಳ್ಳದೆ, ಕತ್ತರಿ ತಾಗಿದ ಕಡೆಯಲ್ಲೆಲ್ಲ ಹಕ್ಕಳೆಯಾಗಿ ಉದುರಿತು. ಆಫ್‌ಸೆಟ್ ಮುದ್ರಣಾಲಯವೊಂದನ್ನು ವಿಚಾರಿಸಿದರೆ ಕನಿಷ್ಠ ಸಾವಿರ ಹಾಳೆ, ಐನೂರು ಡಾಲರಿನ ಆಸುಪಾಸು ಎಂದರು. ಹತ್ತಿಪ್ಪತ್ತು ಹಾಳೆ ಬೇಕಾದವನಿಗೆ ಅದು ಎಟುಕುವ ಲೆಕ್ಕವಲ್ಲ.

ಕೊನೆಗೆ ಫಲಿಸಿದ ದಾರಿ ಅಡುಗೆಮನೆಯಲ್ಲಿಯೇ ಇತ್ತು. ಖಾಲಿಯಾದ ಸೀರಿಯಲ್ ಪೆಟ್ಟಿಗೆಯನ್ನು ಬಿಡಿಸಿ, ಅಚ್ಚಾದ ಬದಿಗೆ ಹದವಾಗಿ ಹಬೆ ತೋರಿಸಿ, ಮೂಲೆಯಿಂದ ನಿಧಾನವಾಗಿ ಎಳೆದರೆ ಮೇಲಿನ ಪದರ ಸಿಪ್ಪೆಯ ಹಾಗೆ ಬಿಟ್ಟುಕೊಳ್ಳುತ್ತದೆ. ಉಳಿದ ಬೂದು ರಟ್ಟಿನ ಮೇಲೆ, ಲೇಸರಿನಲ್ಲಿ ತೆಳುವಾದ ಲೇಪಿತ ಕಾಗದಕ್ಕೆ ಅಚ್ಚು ಹಾಕಿದ ಹೊಸ ಪದರವನ್ನು ಕೂರಿಸಬೇಕು. ಹೋದಷ್ಟೇ ದಪ್ಪ ಮರಳಿ ಬರುವುದರಿಂದ ಕೈಗೆ ವ್ಯತ್ಯಾಸ ತಿಳಿಯುವುದಿಲ್ಲ, ಹಿಂಬದಿಯಂತೂ ನಿಜವಾದ ಪೆಟ್ಟಿಗೆಯದೇ. ಪೋಸ್ಟ್ ಮತ್ತು ಕೆಲಾಗ್ ಎಂಬ ಎರಡೂ ಸೀರಿಯಲ್ ಕಂಪನಿಗಳು ಹುಟ್ಟಿ ಬೆಳೆದ ಬ್ಯಾಟಲ್ ಕ್ರೀಕ್ ನಮ್ಮ ರಾಜ್ಯದ್ದೇ ಊರಾದ್ದರಿಂದ ಈ ರಟ್ಟಿನ ಮೇಲೆ ನನಗೆ ಸ್ವಲ್ಪ ಹೆಚ್ಚಿನ ಮಮತೆಯೂ ಇದೆ.

ಅಂಟಿನ ಕಥೆ ಬೇರೆ. ಊರಿನಲ್ಲಿ ಗೋಡೆಗೆ ಪೋಸ್ಟರ್ ಹಚ್ಚಲು ಕುದಿಸುತ್ತಿದ್ದ ಮೈದಾ ಅಂಟನ್ನು ಮೊದಲು ಪ್ರಯೋಗಿಸಿದೆ. ಹಿಡಿತ ಬಹಳ ಗಟ್ಟಿ, ಆದರೆ ನೀರಿನ ಅಂಶಕ್ಕೆ ಕಾಗದ ಹಿಗ್ಗಿ, ಒಣಗುವಾಗ ಕುಗ್ಗಿ, ಇಡೀ ಹಾಳೆ ದೋಣಿಯಾಕಾರಕ್ಕೆ ಬಾಗಿತು. ಬಡಗಿಗಳ ಬಿಳಿ ಅಂಟಿನಲ್ಲಿಯೂ ಅದೇ ಗತಿ. ಚಿತ್ರಕ್ಕೆ ಚೌಕಟ್ಟು ಹಾಕುವವರು ಬಳಸುವ, ಶಾಖಕ್ಕೆ ಕರಗಿ ಹಿಡಿಯುವ ಒಣ ಅಂಟುಹಾಳೆಯಿಂದ ಸಮಸ್ಯೆ ಬಗೆಹರಿಯಿತು. ಅದರಲ್ಲಿಯೂ ಕಡಿಮೆ ಶಾಖದ ಬಗೆಯನ್ನೇ ಕೊಳ್ಳಬೇಕು: ಎಂಬತ್ತು–ತೊಂಬತ್ತು ಡಿಗ್ರಿಯಲ್ಲಿ ಅಂಟು ಹಿಡಿಯುತ್ತದೆ, ಅದಕ್ಕಿಂತ ಬಹಳ ಮೇಲೆ ಹೋದರೆ ಟೋನರ್ ಮೆತ್ತಗಾಗಿ ಇಸ್ತ್ರಿಪೆಟ್ಟಿಗೆಗೆ ಮೆತ್ತಿಕೊಳ್ಳುತ್ತದೆ. ನಡುವೆ ಸಿಲಿಕೋನ್ ಕಾಗದ ಇರಲೇಬೇಕು, ರಟ್ಟಿನ ನಾರು ಮತ್ತು ಕಾಗದದ ನಾರು ಒಂದೇ ದಿಕ್ಕಿಗೆ ಇರಬೇಕು. ಕೊನೆಯಲ್ಲಿ ಹೊಳಪನ್ನು ತಗ್ಗಿಸಲು ನಾನು ಸವರುವ ಲೇಪವೊಂದಿದೆ. ಅದರ ಪಾಕವನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ.

ಚುಕ್ಕಿಗಳ ವಿಷಯದಲ್ಲಿ ಬಹುಪಾಲು ಜನ ಸೋಲುವುದು ಪ್ರಿಂಟರ್ ತಾನೂ ಒಂದು ಜಾಲರಿ ಹಾಕುತ್ತದೆ ಎಂಬುದನ್ನು ಗಮನಿಸದೆ. ನಮ್ಮ ಹಾಫ್‌ಟೋನ್ (ಛಾಯೆಯನ್ನು ಚುಕ್ಕಿಗಳಾಗಿ ಒಡೆದ ಚಿತ್ರ) ಮೇಲೆ ಅದರ ಜಾಲರಿ ಕುಳಿತಾಗ ಅಲೆಯಲೆಯಾದ ಕಲೆಗಳೇಳುತ್ತವೆ. ನಾನು ನಾಲ್ಕೂ ಬಣ್ಣಗಳನ್ನು ಇಂಚಿಗೆ 600 ಚುಕ್ಕಿಯ ಸಾಂದ್ರತೆಯಲ್ಲಿ, ನಡುವಣ ಛಾಯೆಗಳೇ ಇಲ್ಲದ ಬಿಟ್‌ಮ್ಯಾಪ್‌ಗಳಾಗಿ ಬೇರ್ಪಡಿಸಿ, ಚುಕ್ಕಿಸಾಲುಗಳನ್ನು ಸಯಾನ್ (ಹಸಿರುನೀಲಿ) 15, ಮಜೆಂಟಾ (ಗುಲಾಬಿಗೆಂಪು) 75, ಹಳದಿ 0, ಕಪ್ಪು 45 ಡಿಗ್ರಿಯಲ್ಲಿ ಓರೆಯಾಗಿಸಿ, ಪೋಸ್ಟ್‌ಸ್ಕ್ರಿಪ್ಟ್ ಎಂಬ ಪುಟವಿವರಣೆಯ ಭಾಷೆ ಬಲ್ಲ ಪ್ರಿಂಟರಿಗೆ ಸಿಎಂವೈಕೆ (ಈ ನಾಲ್ಕು ಬಣ್ಣಗಳ) ಪಿಡಿಎಫ್ ಆಗಿ ಕಳುಹಿಸುತ್ತೇನೆ. ಪ್ರತಿ ಚುಕ್ಕಿಯೂ ತುಂಬುಬಣ್ಣವಾದ್ದರಿಂದ ಯಂತ್ರ ಮತ್ತೆ ಕೈಹಾಕುವುದಿಲ್ಲ. ಇಂಚಿಗೆ 120 ಚುಕ್ಕಿಸಾಲು ಇಟ್ಟಾಗ ಛಾಯೆಗಳು ಇಪ್ಪತ್ತೈದರಷ್ಟಕ್ಕೇ ನಿಂತು ಕೆನ್ನೆಗಳ ಮೇಲೆ ಪಟ್ಟಿ ಬಿದ್ದವು, 100ಕ್ಕೆ ಇಳಿಸಿದ ಮೇಲೆ ಸರಿಹೋಯಿತು. ಬಳಿಕ, ಹಳೆಯ ಅಚ್ಚಿನಲ್ಲಿ ಬಣ್ಣಗಳು ಕೊಂಚ ಜಾರಿ ಕೂರುತ್ತಿದ್ದ ಹಾಗೆ, ಮಜೆಂಟಾವನ್ನು ಒಂದೆರಡು ಚುಕ್ಕಿಯಷ್ಟು ಪಕ್ಕಕ್ಕೆ ಸರಿಸಿದೆ. ಟೋಪಿಯ ಅಂಚಿನಲ್ಲಿ ಕಂಡೂ ಕಾಣದಂತೆ ಮೂಡುವ ಆ ಕೆಂಪು ಗೆರೆಯನ್ನು ನೋಡಿದಾಗ ನನಗೆ ನಿಜಕ್ಕೂ ಹೆಮ್ಮೆಯೆನಿಸಿತು. ಯಾವ ಆಟಗಾರನಿಗೆ ಯಾವ ದಿಕ್ಕಿಗೆ ಸರಿಸಬೇಕು ಎಂಬುದನ್ನು ಮಾತ್ರ ನೀವೇ ಕಂಡುಕೊಳ್ಳಬೇಕು.

ಕತ್ತರಿಸಲು ಟ್ರಿಮ್ಮರ್ ಬಳಸಬಾರದು. ಅಸಲಿ ಕಾರ್ಡುಗಳನ್ನು ಮಕ್ಕಳು ಪೆಟ್ಟಿಗೆಯಿಂದ ಕೈಯಾರೆ ಕತ್ತರಿಸಿಕೊಂಡದ್ದರಿಂದಲೇ ಗಡಿಗೆರೆ ಪೂರ್ತಿ ಉಳಿದಿರುವ ಕಾರ್ಡುಗಳಿಗೆ ಇಂದು ಅಷ್ಟು ಬೆಲೆ. ನನ್ನ ಹಾಳೆಗಳನ್ನು ಮಗಳು ತನ್ನ ಶಾಲೆಯ ಕತ್ತರಿಯಿಂದ ಕತ್ತರಿಸುತ್ತಾಳೆ, ಯಾವ ವಯಸ್ಕನ ಕೈಯೂ ಆ ಅಂಚನ್ನು ತರಲಾರದು.

ನಡುವೆ ಕೆಲಾಗ್‌ನ ತ್ರೀ-ಡಿ ಕಾರ್ಡುಗಳತ್ತಲೂ ಮನಸ್ಸು ಹರಿಯಿತು. 1970ರಲ್ಲಿ 75 ಕಾರ್ಡುಗಳಿಂದ ಆರಂಭವಾದ ಆ ಸರಣಿ, 1973ರ ಚಪ್ಪಟೆ ಕಾರ್ಡುಗಳ ವರ್ಷವೊಂದನ್ನು ಬಿಟ್ಟರೆ, ನೋಡುವ ಕೋನಕ್ಕೆ ತಕ್ಕಂತೆ ಬೇರೆ ಬೇರೆ ನೋಟ ತೋರಿಸಿ ಆಳದ ಭ್ರಮೆ ಮೂಡಿಸುವ ಗೀರುಗೀರಾದ ಪ್ಲಾಸ್ಟಿಕ್ ಹೊದಿಕೆಯದು. ಇಂಚಿಗೆ 60 ಗೀರಿನ ಹಾಳೆ ತರಿಸಿ, 720ರ ಸಾಂದ್ರತೆಯಲ್ಲಿ ಪ್ರತಿ ಗೀರಿನ ಕೆಳಗೆ ಹನ್ನೆರಡು ನೋಟಗಳನ್ನು ಹೆಣೆದೆ. ಗೀರುಗಳ ನಿಜವಾದ ಅಂತರ 60ಕ್ಕೆ ಕೂದಲೆಳೆಯಷ್ಟು ಆಚೀಚೆ ಇರುವುದರಿಂದ ಪರೀಕ್ಷಾ ಪಟ್ಟಿಗಳನ್ನು ಅಚ್ಚು ಹಾಕಿ ಸರಿಯಾದ ಅಳತೆ ಹುಡುಕುವುದಕ್ಕೇ ನೂರು ಡಾಲರಿನಷ್ಟು ಸಾಮಗ್ರಿ ಕರಗಿತು. ವಾಲ್ಟರ್ ಜಾನ್ಸನ್ ಮೈದಾನದಿಂದ ಎದ್ದು ಬಂದಂತೆ ನಿಂತಿದ್ದಾನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ಲಾಸ್ಟಿಕ್ ಒಂದು ಲೆಕ್ಕದಲ್ಲಿ ಕುಗ್ಗಿ ಕಾಗದ ಇನ್ನೊಂದು ಲೆಕ್ಕದಲ್ಲಿ ಉಳಿಯುವುದರಿಂದ, ಅಸಲಿಗಳನ್ನು ಬಾಗಿಸಿ ಬಿರುಕುಬಿಡಿಸಿದ ರೋಗವೇ ಇದಕ್ಕೂ ತಗುಲಿದೆ.

ಹಳೆಯ ಲೇಸರ್ ಪ್ರಿಂಟರು, ಟೋನರ್, ಕಾಗದ, ಅಂಟುಹಾಳೆ, ಹಾಳಾದದ್ದು ಎಲ್ಲ ಸೇರಿ ಒಂಬೈನೂರು ಡಾಲರಿನ ಹತ್ತಿರ ಖರ್ಚಾಗಿರಬಹುದು. ಈಗ ಕಾರ್ಡೊಂದಕ್ಕೆ ನಲವತ್ತು ಸೆಂಟಿನಷ್ಟು ತಗುಲುತ್ತದೆ. ನಾನು ಮಾರುವುದಿಲ್ಲ, ವಿನಿಮಯ ಮಾತ್ರ ಮಾಡುತ್ತೇನೆ, ಮತ್ತು ಹೊಸದಾಗಿ ಮಾಡಿದ್ದು ಎಂಬ ಮುದ್ರೆ, ಇಸವಿ ಇಲ್ಲದೆ ಒಂದು ಕಾರ್ಡೂ ಮನೆಯಿಂದ ಹೊರಗೆ ಹೋಗುವುದಿಲ್ಲ. ಇದು ಆಗದ ಕೆಲಸವೆಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಿದ್ದ ಹಿರಿಯ ಸಂಗ್ರಾಹಕರೊಬ್ಬರು ಕಳೆದ ಸಂತೆಯಲ್ಲಿ ಕತ್ತರಿಸದ ಒಂದು ಹಾಳೆಗೆ ಬದಲಾಗಿ ಡೆಟ್ರಾಯಿಟ್ ಟೈಗರ್ಸ್ ಆಟಗಾರ ಆಲ್ ಕೇಲೈನನ ತಮ್ಮ 1961ರ ಕಾರ್ಡನ್ನು ಕೊಟ್ಟರು. ಮುಂದಿನ ಬಾರಿ ಕ್ರಾಫರ್ಡನ ಹಾಳೆ ತನಗೇ ಮೀಸಲೆಂದು ಈಗಲೇ ಹೇಳಿಟ್ಟಿದ್ದಾರೆ.