ಬಾಟಲಿ ಮೇಲೆ ಊರ ಹೆಸರು, ಒಳಗೆ ಯಾವ ದ್ರಾಕ್ಷಿ?

ನಾನು ದೊಡ್ಡಬಳ್ಳಾಪುರದ ಕಡೆಯವನು. ಮನೆಯಲ್ಲಿ ಬೆಂಗಳೂರು ಬ್ಲೂ ತೋಟ ಇತ್ತು. ದ್ರಾಕ್ಷಿ ಅಂದರೆ ನಮಗೆ ತಳಿಯೇ ಮುಖ್ಯ. ಬ್ಲೂನಾ, ದಿಲ್‌ಖುಷ್ಷಾ ಅಂತ ಕೇಳಿ ರೇಟು ಹೇಳುತ್ತಾರೆ. ಹೀಗೆ ಬೆಳೆದವನು ಬೆಂಗಳೂರಿನ ಹೋಟೆಲೊಂದರಲ್ಲಿ ವೈನ್ ಬಡಿಸುವ ಕೆಲಸಕ್ಕೆ ಸೇರಿದೆ. ಫ್ರಾನ್ಸಿನ ಬಾಟಲಿಗಳನ್ನು ನೋಡಿ ತಲೆ ಕೆಟ್ಟಿತು. ಊರ ಹೆಸರು ಇದೆ, ಮಾಡಿದವರ ಹೆಸರು ಇದೆ, ವರ್ಷ ಇದೆ. ಹಣ್ಣಿನ ಹೆಸರೇ ಇಲ್ಲ!

ಮೊದಲ ತಿಂಗಳಲ್ಲೇ ಎಡವಿದೆ. ಒಬ್ಬರು ಮೇಡಂ, "ಶಾರ್ಡನೇ ಮಾತ್ರ ಬೇಡಪ್ಪ, ಬೆಣ್ಣೆ ನೆಕ್ಕಿದ ಹಾಗಿರುತ್ತೆ" ಅಂದರು. ಶಾರ್ಡನೇ ಅಂದರೆ ಬಿಳಿ ವೈನ್ ಮಾಡುವ ಒಂದು ದ್ರಾಕ್ಷಿ. ನಾನು ಶಾಬ್ಲಿ ಅನ್ನುವ ಬಿಳಿ ವೈನ್ ತಂದುಕೊಟ್ಟೆ. ಅವರಿಗೆ ತುಂಬಾ ಹಿಡಿಸಿತು, ಎರಡನೇ ಗ್ಲಾಸೂ ಹೇಳಿದರು. ಆಗ ಅವರ ಯಜಮಾನರು ಇದು ಯಾವ ದ್ರಾಕ್ಷಿ ಅಂತ ಕೇಳಿದರು. "ಶಾಬ್ಲಿ ದ್ರಾಕ್ಷಿ ಸರ್" ಅಂದುಬಿಟ್ಟೆ. ಅವರು ಫೋನ್ ತೆಗೆದು ನೋಡಿ ನಕ್ಕರು. "ಶಾಬ್ಲಿ ಊರು ಕಣಪ್ಪ. ಇದು ಶಾರ್ಡನೇನೇ ಅಲ್ವಾ?"

ಮೇಡಂ ಮುಖ ಬಾಡಿತು. ನನ್ನ ಮುಖ ಕೇಳಬೇಡಿ.

ಅವತ್ತು ರಾತ್ರಿ ಕೂತು ಓದಿದಾಗ, ಮೇಡಂ ಹೇಳಿದ್ದೂ ಸುಳ್ಳಲ್ಲ ಅಂತ ಗೊತ್ತಾಯಿತು. ಶಾಬ್ಲಿ ಫ್ರಾನ್ಸಿನ ಬರ್ಗಂಡಿ ಸೀಮೆಯ ಉತ್ತರ ತುದಿಯಲ್ಲಿದೆ, ಚಳಿಯ ಜಾಗ. ಅಲ್ಲಿ ಹಣ್ಣಿನ ಹುಳಿ ಉಳಿಯುತ್ತದೆ. ಜಾಸ್ತಿ ವೈನ್‌ಗೆ ಹೊಸ ಓಕ್ ಪೀಪಾಯಿ ತೋರಿಸುವುದೇ ಇಲ್ಲ. ಬೆಣ್ಣೆ, ವೆನಿಲಾ ರುಚಿ ಬಹುಪಾಲು ಬರುವುದು ಪೀಪಾಯಿಯಿಂದ ಮತ್ತು ವೈನ್ ಮಾಡುವ ರೀತಿಯಿಂದ. ಅದೇ ಹಣ್ಣು ಬಿಸಿಲೂರಲ್ಲಿ ಬೆಳೆದು ಹೊಸ ಪೀಪಾಯಿಯಲ್ಲಿ ಕೂತರೆ ಬೇರೆಯೇ ವೈನ್. ಮೇಡಂಗೆ ಬೇಡವಾಗಿದ್ದದ್ದು ಆ ವೈನು.

ಆಮೇಲೆ ನಲವತ್ತು ಹೆಸರಿನ ಪಟ್ಟಿ ಮಾಡಿ ಬಾಯಿಪಾಠಕ್ಕೆ ಕೂತೆ. ವಾರದಲ್ಲಿ ಅರ್ಧ ಮರೆತೆ. ದಾರಿ ಸಿಕ್ಕಿದ್ದು ಒಂದು ದಿನ ಅಮ್ಮ ಬಾಳೆಹಣ್ಣು ತರಲು ಹೇಳಿದಾಗ. ನಂಜನಗೂಡು ರಸಬಾಳೆ ಅಂದರೆ ಯಾರಾದರೂ ಯಾವ ತಳಿ ಅಂತ ಕೇಳುತ್ತಾರಾ? ಊರು ಹೇಳಿದರೆ ಹಣ್ಣು ಗೊತ್ತಾಯಿತು. ಫ್ರಾನ್ಸಿನವರಿಗೂ ಅಷ್ಟೇ. ಒಂದು ಊರಲ್ಲಿ ತಲೆತಲಾಂತರದಿಂದ ಒಂದೇ ಬಳ್ಳಿ ಬೆಳೆದರೆ, ಅದರ ಹೆಸರು ಬರೆಯುವ ಗೋಜಿಗೆ ಯಾರು ಹೋಗುತ್ತಾರೆ?

ಕಾನೂನು ಬಂದದ್ದು ಆಮೇಲೆ. ಹೆಸರುವಾಸಿ ಊರಿನ ಹೆಸರು ಹಾಕಿ ಎಲ್ಲಿಯದೋ ವೈನ್ ಮಾರುವ ಮೋಸ ಜಾಸ್ತಿಯಾಗಿತ್ತು. 1935ರಲ್ಲಿ ಫ್ರಾನ್ಸ್ ಊರ ಹೆಸರಿನ ಪದ್ಧತಿಯನ್ನು ಇಡೀ ದೇಶಕ್ಕೆ ಕಟ್ಟುನಿಟ್ಟು ಮಾಡಿತು. ಎಲ್ಲೆ ಎಲ್ಲಿಯವರೆಗೆ, ಯಾವ ದ್ರಾಕ್ಷಿ, ಎಷ್ಟು ಇಳುವರಿ, ಎಲ್ಲ ಬರೆದಿಟ್ಟರು. ಅಂದರೆ ಲೇಬಲ್ ಮೇಲಿನ ಊರ ಹೆಸರು ಬರೀ ವಿಳಾಸವಲ್ಲ, ಹಣ್ಣಿನ ಪಟ್ಟಿಯೂ ಅದರೊಳಗೇ ಇದೆ.

ಇಷ್ಟು ಅರ್ಥವಾದ ಮೇಲೆ ಪಟ್ಟಿ ಬಿಸಾಕಿ ನಕ್ಷೆ ಬಿಡಿಸಿದೆ. ಒಂದು ಪುಟಕ್ಕೆ ಒಂದು ನದಿ. ಪಕ್ಕದಲ್ಲಿ ಊರು, ಊರಿನ ಪಕ್ಕ ಹಣ್ಣು, ಕೊನೆಗೆ "ಯಾಕೆ" ಅಂತ ಒಂದು ಸಾಲು. ಆ "ಯಾಕೆ" ಸಾಲೇ ನನ್ನನ್ನು ಕಾಪಾಡಿದ್ದು.

ಫ್ರಾನ್ಸಿನ ಬೊರ್ಡೋ ಸೀಮೆ ನೋಡಿ. ಕೆಂಪು ವೈನ್‌ನಲ್ಲಿ ಕ್ಯಾಬರ್ನೇ ಸೋವಿನ್ಯೋಂ, ಮೆರ್ಲೋ, ಕ್ಯಾಬರ್ನೇ ಫ್ರಾಂ ಬೆರೆಸುತ್ತಾರೆ. ಯಾವುದು ಜಾಸ್ತಿ? ಅದು ನದಿಯ ಯಾವ ದಡ ಅನ್ನುವುದರ ಮೇಲೆ. ಎಡದಂಡೆಯ ಮೆಡೋಕ್‌ನಲ್ಲಿ ಜಲ್ಲಿಕಲ್ಲಿನ ನೆಲ. ಕಲ್ಲು ಬಿಸಿಲು ಹೀರಿಕೊಳ್ಳುತ್ತದೆ, ನೀರು ನಿಲ್ಲುವುದಿಲ್ಲ. ಕ್ಯಾಬರ್ನೇ ಸೋವಿನ್ಯೋಂ ತಡವಾಗಿ ಹಣ್ಣಾಗುವ ತಳಿ, ಅದಕ್ಕೆ ಆ ಬಿಸಿ ಬೇಕು. ಬಲದಂಡೆಯ ಪೊಮೆರೋಲ್, ಸೇಂತೆಮಿಲಿಯೋಂ ಕಡೆ ಜೇಡಿಮಣ್ಣು ಹೆಚ್ಚು, ನೆಲ ತಂಪು. ಬೇಗ ಹಣ್ಣಾಗುವ ಮೆರ್ಲೋಗೆ ಅದು ಸಾಕು. ಮತ್ತೆ ಬೆರೆಸುವುದು ಯಾಕೆ? ಸಮುದ್ರ ಹತ್ತಿರ, ಮಳೆಯ ಭರವಸೆ ಇಲ್ಲ. ಒಂದು ತಳಿ ಕೈಕೊಟ್ಟರೆ ಇನ್ನೊಂದು ಇರಲಿ ಅಂತ. ಇದನ್ನು ಅಪ್ಪನಿಗೆ ಫೋನ್‌ನಲ್ಲಿ ಹೇಳಿದೆ. "ರಾಗಿ ಸಾಲಿನ ಮಧ್ಯೆ ಅವರೆ ಹಾಕಲ್ವೇನೋ, ಅದೇ ಲೆಕ್ಕ" ಅಂದರು. ತರಬೇತಿಯಲ್ಲಿ ಯಾರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಬರ್ಗಂಡಿ ಸುಲಭ. ಕೆಂಪಾದರೆ ಪಿನೋ ನ್ವಾರ್, ಬಿಳಿಯಾದರೆ ಶಾರ್ಡನೇ. ಚೂರುಪಾರು ಬೇರೆ ತಳಿಗಳಿವೆ, ಆದರೆ ಮೇಜಿನ ಹತ್ತಿರ ಇಷ್ಟು ಗೊತ್ತಿದ್ದರೆ ಸಾಕು. 1395ರಲ್ಲಿ ಅಲ್ಲಿನ ಡ್ಯೂಕ್ ಫಿಲಿಪ್, ಗಮೇ ಅನ್ನುವ ತಳಿ ಕೆಟ್ಟದ್ದು, ಕಿತ್ತು ಹಾಕಿ ಅಂತ ಆಜ್ಞೆ ಹೊರಡಿಸಿದ್ದನಂತೆ. ಆ ಗಮೇ ದಕ್ಷಿಣದ ಬೋಜೊಲೇಯಲ್ಲಿ ನೆಲೆ ಕಂಡುಕೊಂಡಿತು. ಇವತ್ತು ಕೆಂಪು ಬೋಜೊಲೇ ಅಂದರೆ ಗಮೇ. ಕಥೆ ಇದ್ದರೆ ಹೆಸರು ಮರೆಯುವುದಿಲ್ಲ.

ರೋನ್ ನದಿಯ ಉತ್ತರದಲ್ಲಿ ಕೆಂಪಿಗೆ ಸಿರಾ, ದಕ್ಷಿಣದಲ್ಲಿ ಗ್ರೆನಾಶ್ ಮುಂದಾಳಾಗಿ ಹಲವು ತಳಿಗಳ ಮಿಶ್ರಣ. ಶಾತೋನಫ್ ದ್ಯು ಪಾಪ್‌ನಲ್ಲಿ ಹದಿಮೂರು ತಳಿಗೆ ಅವಕಾಶ ಅಂತ ಹೇಳುವುದು ವಾಡಿಕೆ. ನಾನು ಹದಿಮೂರನ್ನೂ ಕಲಿಯಲಿಲ್ಲ, ಗ್ರೆನಾಶ್ ಜಾಸ್ತಿ ಅಂತ ಹೇಳಿ ಮುಂದೆ ಹೋಗುತ್ತೇನೆ. ಅಂದಹಾಗೆ, 1954ರಲ್ಲಿ ಆ ಊರಿನ ಮೇಯರ್ ತಮ್ಮ ಊರಲ್ಲಿ ಹಾರುವ ತಟ್ಟೆ ಇಳಿಯಕೂಡದು ಅಂತ ಆದೇಶವನ್ನೇ ಹೊರಡಿಸಿದ್ದರು. ಇದನ್ನು ಹೇಳಿದರೆ ಗಿರಾಕಿಗಳು ಹದಿಮೂರು ತಳಿಯ ವಿಷಯಕ್ಕೇ ಬರುವುದಿಲ್ಲ.

ಇಟಲಿ, ಸ್ಪೇನ್‌ಗೂ ಇದೇ ಪುಸ್ತಕ. ಇಟಲಿಯ ಬರೋಲೋ, ಬಾರ್ಬರೆಸ್ಕೋ ಎರಡೂ ಪೂರ್ತಿ ನೆಬ್ಬಿಯೋಲೋ ದ್ರಾಕ್ಷಿ. ಕಿಯಾಂಟಿಗೆ ಸಾಂಜೊವೇಸೆ ಮುಖ್ಯ. ಕಿಯಾಂಟಿ ಕ್ಲಾಸಿಕೋ ಆದರೆ ಕನಿಷ್ಠ ಶೇ. 80 ಅದೇ ಇರಬೇಕು. ಸ್ಪೇನಿನ ಕೆಂಪು ರಿಯೋಹಾದಲ್ಲಿ ಸಾಮಾನ್ಯವಾಗಿ ಟೆಂಪ್ರನೀಯೋ ಮುಂದೆ, ಜೊತೆಗೆ ಗಾರ್ನಾಚಾ. ಈ ಗಾರ್ನಾಚಾ ಫ್ರಾನ್ಸಿನ ಗ್ರೆನಾಶ್ ಒಂದೇ ಅಂತ ಗೊತ್ತಾಗಲು ನನಗೆ ಆರು ತಿಂಗಳು ಬೇಕಾಯಿತು. ಎರಡು ಪುಟದಲ್ಲಿ ಎರಡು ಹಣ್ಣು ಅಂತ ಬರೆದಿಟ್ಟುಕೊಂಡಿದ್ದೆ!

ಹಣ್ಣಿನ ಹೆಸರನ್ನೇ ಬರೆಯುವ ಊರೂ ಫ್ರಾನ್ಸಿನಲ್ಲಿದೆ. ಜರ್ಮನಿಯ ಗಡಿಯ ಅಲ್ಸಾಸ್‌ನಲ್ಲಿ ರೀಸ್ಲಿಂಗ್ ಅಂತ ನೇರವಾಗಿ ಹಾಕುತ್ತಾರೆ. ಆ ಜಾಗ ಎಷ್ಟೋ ಸಲ ಆ ದೇಶ ಈ ದೇಶ ಅಂತ ಕೈ ಬದಲಾಯಿಸಿದೆ, ಜರ್ಮನಿಯ ಪದ್ಧತಿ ಉಳಿದುಕೊಂಡಿದೆ.

ಇನ್ನೊಂದು ಕಡೆ ಊರ ಹೆಸರನ್ನೇ ನಂಬಬಾರದು. ಅಮೆರಿಕದಲ್ಲಿ ಬಹಳ ಕಾಲ ಅಗ್ಗದ ಬಿಳಿ ವೈನ್‌ಗೆ ಶಾಬ್ಲಿ ಅಂತಲೇ ಹೆಸರಿಡುತ್ತಿದ್ದರು. ಅದರಲ್ಲಿ ಶಾರ್ಡನೇ ಇರಲೇಬೇಕು ಅಂತೇನೂ ಇರಲಿಲ್ಲ. ಅಷ್ಟು ದೂರ ಯಾಕೆ, ನಮ್ಮ ವೈನ್ ಅಂಗಡಿಯ ಸಿಹಿ "ಪೋರ್ಟ್" ನೋಡಿ. ಪೋರ್ಟ್ ಅನ್ನುವುದು ಪೋರ್ಚುಗಲ್‌ನ ಪೋರ್ಟೋ ನಗರದಿಂದ ಬಂದ ಹೆಸರು. ಅಲ್ಲಿನದು ಡೌರೋ ಕಣಿವೆಯ ದ್ರಾಕ್ಷಿಯಿಂದ ಮಾಡಿ, ಮಧ್ಯದಲ್ಲಿ ದ್ರಾಕ್ಷಿಯ ಸ್ಪಿರಿಟ್ ಬೆರೆಸಿದ ವೈನ್. ಇಲ್ಲಿನ ಬಾಟಲಿಗೂ ಆ ಕಣಿವೆಗೂ ಹೆಸರಿನ ನಂಟು ಅಷ್ಟೇ.

ಕೊನೆಗೆ ನಾನು ಇವತ್ತಿಗೂ ಪುಸ್ತಕ ತೆಗೆದು ನೋಡುವ ಎರಡು ಪುಟ. ಒಂದು ಪೂಯಿ. ಲ್ವಾರ್ ನದಿಯ ಪೂಯಿ ಫ್ಯೂಮೆ ಅಂದರೆ ಸೋವಿನ್ಯೋಂ ಬ್ಲಾಂ, ಎದುರು ದಡದ ಬಿಳಿ ಸಾನ್ಸೇರ್ ಥರಾನೇ. ಬರ್ಗಂಡಿಯ ಪೂಯಿ ಫ್ವಿಸೆ ಅಂದರೆ ಶಾರ್ಡನೇ. ಬಾಯಲ್ಲಿ ಹೇಳುವಾಗ ಎರಡೂ ಒಂದೇ ಥರ ಕೇಳುತ್ತವೆ, ಅದಕ್ಕೇ ಗಿರಾಕಿಗೆ ಮೆನುವಿನ ಸಾಲನ್ನು ಬೆರಳಿಟ್ಟು ತೋರಿಸಿ ಕೇಳುತ್ತೇನೆ.

ಇನ್ನೊಂದು ಮೊಂಟೆಪುಲ್ಚಾನೋ. ಇಟಲಿಯ ಟಸ್ಕನಿಯಲ್ಲಿ ಆ ಹೆಸರಿನ ಊರಿದೆ. ಅಲ್ಲಿನ ವೀನೋ ನೋಬಿಲೆ ಅನ್ನುವ ವೈನ್‌ಗೆ ಮುಖ್ಯ ಹಣ್ಣು ಸಾಂಜೊವೇಸೆ. ಮೊಂಟೆಪುಲ್ಚಾನೋ ಅನ್ನುವ ದ್ರಾಕ್ಷಿಯೂ ಇದೆ, ಅದರ ವೈನ್‌ಗೆ ಹೆಸರಾದದ್ದು ಅಬ್ರುತ್ಸೋ ಅನ್ನುವ ಬೇರೆ ಸೀಮೆ. ಹೊಸದಾಗಿ ಸೇರಿದ ಹುಡುಗರಿಗೆ ನಾನು ಹೀಗೆ ಹೇಳುತ್ತೇನೆ: ಬ್ಯಾಡಗಿ ಅಂದರೆ ಊರೂ ಹೌದು, ಮೆಣಸಿನಕಾಯಿಯೂ ಹೌದು. ಬ್ಯಾಡಗಿ ಊರಿನವರೆಲ್ಲ ಗುಂಟೂರು ಮೆಣಸಿನಕಾಯಿ ಬೆಳೆದು, ಬ್ಯಾಡಗಿ ತಳಿಯನ್ನು ಬಳ್ಳಾರಿಯವರು ಬೆಳೆದರೆ ಹೇಗೆ? ಹಾಗೆ. ಹುಡುಗರು ತಲೆಯಾಡಿಸುತ್ತಾರೆ. ಮರುದಿನ ಕೇಳಿದರೆ ಅರ್ಧ ಜನ ತಪ್ಪು ಹೇಳುತ್ತಾರೆ, ಆಗ ನನ್ನ ಪುಸ್ತಕವನ್ನೇ ಕೈಗೆ ಕೊಡುತ್ತೇನೆ.