ಬ್ರಿಟನ್ನಿನ ಕಾಲೇಜು ಔತಣದಲ್ಲಿ ಗ್ಲಾಸು ಎತ್ತುವಾಗ

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಿಂದ ಬ್ರಿಟನ್ನಿಗೆ ಓದಲು ಹೋದ ಮಕ್ಕಳಿಗೆ ಕಾಲೇಜಿನ ದೊಡ್ಡ ಊಟಕ್ಕೆ ಕರೆ ಬಂತೆಂದರೆ, ಮನೆಯಿಂದ ಬರುವ ಮೊದಲ ಪ್ರಶ್ನೆ ಒಂದೇ: "ಅಲ್ಲಿ ಕುಡಿಯಲೇಬೇಕಾ?" ಬೇಕಿಲ್ಲ ಮಾರಾಯ್ರೇ. ಟೋಸ್ಟಿಗೆ, ಅಂದರೆ ಯಾರದಾದರೂ ಹೆಸರು ಹೇಳಿ ಗೌರವಕ್ಕೆ ಗ್ಲಾಸು ಎತ್ತುವುದಕ್ಕೆ, ನೀರಾದರೂ ನಡೆಯುತ್ತದೆ, ಜ್ಯೂಸಾದರೂ ನಡೆಯುತ್ತದೆ. ಜನ ಗಮನಿಸುವುದು ನೀವು ಯಾವಾಗ ಎದ್ದಿರಿ, ಯಾವಾಗ ಕೂತಿರಿ ಎಂಬುದನ್ನು.

ನಮ್ಮ ಕುಂಬಳೆ ಸೀಮೆಯ ಹವ್ಯಕರ ಊಟದ ಪಂಕ್ತಿಯಲ್ಲಿ ಒಬ್ಬರು ಚೂರ್ಣಿಕೆ ಎಂಬ ದೇವರ ಸ್ತುತಿ ಹೇಳುತ್ತಾರೆ, ಉಳಿದವರು "ಹರ ಹರ ಮಹಾದೇವ" ಎಂದು ದನಿಗೂಡಿಸುತ್ತಾರೆ. ಟೋಸ್ಟ್ ಕೂಡ ಹೆಚ್ಚುಕಡಿಮೆ ಹಾಗೆಯೇ ನಡೆಯುತ್ತದೆ. ಒಬ್ಬರು ಹೇಳಿದ್ದನ್ನು ಸಭೆ ತಿರುಗಿ ಹೇಳಬೇಕು, ಅಷ್ಟೇ.

ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ನ ಹಳೆಯ ಕಾಲೇಜುಗಳಲ್ಲಿ ಮೊದಲು ಕುರ್ಚಿಯ ಹಿಂದೆ ನಿಂತು ಕಾಯಬೇಕು. ಅಧ್ಯಾಪಕರು ಬಂದು ಹೈ ಟೇಬಲ್ ಎಂಬ ತಮ್ಮ ಮೇಜಿನ ಹತ್ತಿರ ನಿಂತ ಮೇಲೆ ಲ್ಯಾಟಿನ್‌ನಲ್ಲಿ ಚಿಕ್ಕ ಪ್ರಾರ್ಥನೆ ಇರುತ್ತದೆ. ಅದು ಮುಗಿದ ಮೇಲೆಯೇ ಕೂರುವುದು. ಆಕ್ಸ್‌ಫರ್ಡ್‌ನಲ್ಲಿ ಹಳೆ ವಿದ್ಯಾರ್ಥಿಗಳ ಇಂಥ ಕೂಟಕ್ಕೆ ಗಾಡಿ (gaudy) ಎನ್ನುತ್ತಾರೆ. ಸಾಮಾನ್ಯವಾಗಿ ಇಂತಿಂಥ ವರ್ಷ ಸೇರಿದವರು ಎಂದು ಲೆಕ್ಕ ಹಾಕಿ ಕರೆಯುತ್ತಾರೆ.

ಎಲ್ಲರೂ ಗಲಿಬಿಲಿಯಾಗುವುದು ಊಟದ ಕೊನೆಗೆ ಬರುವ ಲಾಯಲ್ ಟೋಸ್ಟ್‌ನಲ್ಲಿ, ಅಂದರೆ ರಾಜನ ಹೆಸರಿನ ಟೋಸ್ಟ್‌ನಲ್ಲಿ. ಅಧ್ಯಕ್ಷರು ಎದ್ದು "ದಿ ಕಿಂಗ್" ಎನ್ನುತ್ತಾರೆ. ನೀವೂ ಎದ್ದು, ಗ್ಲಾಸು ಎತ್ತಿ, "ದಿ ಕಿಂಗ್" ಎಂದು ಒಂದು ಗುಟುಕು ಕುಡಿದು ಕೂರಬೇಕು. ಪಕ್ಕದವರ ಗ್ಲಾಸಿಗೆ ತಾಗಿಸಬಾರದು. 2022ರ ಸೆಪ್ಟೆಂಬರ್‌ವರೆಗೆ, ಎಪ್ಪತ್ತು ವರ್ಷ, ಇದು "ದಿ ಕ್ವೀನ್" ಆಗಿತ್ತು. ಹಾಗಾಗಿ ಹಳಬರ ಬಾಯಲ್ಲಿ ಈಗಲೂ ಅದೇ ಬಂದರೆ ಸುಮ್ನೆ ನಕ್ಕುಬಿಡಿ. ನೌಕಾಪಡೆಯವರ ಊಟದಲ್ಲಿ ಮಾತ್ರ ಕೂತೇ ಇದನ್ನು ಮಾಡುವ ಪದ್ಧತಿಯಿದೆ. ಹಳೆಯ ಹಡಗುಗಳಲ್ಲಿ ಸೂರು ತಗ್ಗು, ಎದ್ದರೆ ತಲೆಗೆ ಬಡಿಯುತ್ತಿತ್ತು ಎಂದು ಅದಕ್ಕೊಂದು ಕತೆಯೂ ಉಂಟು.

"ಅವರ ರಾಜನಿಗೆ ನಾವೇಕೆ ಏಳಬೇಕು?" ಎಂದು ಊರಿನ ಅಜ್ಜಂದಿರು ಕೇಳಿಯಾರು. ಕೇಳುವುದು ತಪ್ಪೂ ಅಲ್ಲ. ಇದು ಕಾನೂನಲ್ಲ, ಬರೀ ರೂಢಿ. ನನ್ನ ಅಭಿಪ್ರಾಯ ಕೇಳಿದರೆ, ಎದ್ದು ನಿಲ್ಲಿ. ಬಾಯಿ ತೆರೆಯುವುದು ನಿಮ್ಮಿಷ್ಟ. ನಾವು ಕಾಸರಗೋಡಿನವರು 1956ರಲ್ಲಿ ಕೇರಳಕ್ಕೆ ಸೇರಿದಂದಿನಿಂದ ಮಲಯಾಳದ ಸಭೆಗಳಲ್ಲಿ ಮರ್ಯಾದೆಯಿಂದ ಕೂತು, ನಮ್ಮ ಕನ್ನಡವನ್ನೂ ಬಿಡದೆ ಬಂದವರು. ಅಲ್ಲೂ ಅದೇ ಸಾಕಲ್ವಾ?

ಮುಂದಿನ ಟೋಸ್ಟ್ ಕಾಲೇಜಿಗೋ ಅತಿಥಿಗಳಿಗೋ ಇರುತ್ತದೆ. ಇಲ್ಲೊಂದು ಸೂಕ್ಷ್ಮ. ಟೋಸ್ಟ್ ನಿಮಗೇ ಆಗಿದ್ದರೆ, ನೀವು ಏಳಬಾರದು, ಕುಡಿಯಲೂಬಾರದು. ಎಲ್ಲರೂ ನಿಂತಿರುವಾಗ ಒಬ್ಬರೇ ಕೂತಿರಬೇಕು. ನಮ್ಮವರಿಗೆ ಇದು ಬಹಳ ಕಷ್ಟ. ಹಿರಿಯರು ನಿಂತಿದ್ದಾರೆಂದರೆ ಕಾಲು ತಾನಾಗಿ ಏಳುತ್ತದೆ. ತಡೆದುಕೊಳ್ಳಿ. ಎಲ್ಲರೂ ಕೂತ ಮೇಲೆ ಎದ್ದು ಎರಡು ಮಾತಿನಲ್ಲಿ ಧನ್ಯವಾದ ಹೇಳಿದರಾಯಿತು.

ಮೇಜಿನ ಮೇಲೆ ಪೋರ್ಟ್ ವೈನಿನ ಜಾಡಿ ಬಂದರೆ ಅದು ಎಡಗಡೆಗೇ ಸಾಗಬೇಕು. ನೀವು ಕುಡಿಯದಿದ್ದರೂ ಎಡಗಡೆಯವರಿಗೆ ದಾಟಿಸಿ. ನಿಮ್ಮ ಮುಂದೆಯೇ ನಿಂತುಬಿಟ್ಟರೆ "ನಿಮಗೆ ನಾರ್ವಿಚ್‌ನ ಬಿಷಪ್ ಗೊತ್ತಾ?" ಎಂದು ಯಾರಾದರೂ ಕೇಳಬಹುದು. ಉತ್ತರ ಬೇಡ, ಜಾಡಿ ದಾಟಿಸಿ ಎಂಬ ಸೂಚನೆ ಅದು.

ಬಟ್ಟೆಯ ವಿಷಯ ಕರೆಯೋಲೆಯಲ್ಲೇ ಇರುತ್ತದೆ. ಬ್ಲ್ಯಾಕ್ ಟೈ ಎಂದರೆ ಕಪ್ಪು ಡಿನ್ನರ್ ಜಾಕೆಟ್, ಬೋ ಟೈ. ನ್ಯಾಷನಲ್ ಡ್ರೆಸ್ ಎಂದೂ ಬರೆದಿದ್ದರೆ ಸೀರೆ, ಬಂದ್‌ಗಲಾ ಧೈರ್ಯವಾಗಿ ಹಾಕಿ. ಸಸ್ಯಾಹಾರ ಬೇಕೆಂದು ಮೊದಲೇ ತಿಳಿಸಿ. ಅಂದೇ ಹೇಳಿದರೆ ಆಲೂಗಡ್ಡೆಯೇ ಗತಿಯಾದೀತು.

ಟೋಸ್ಟ್ ಹೇಳುವ ಸರದಿ ನಿಮಗೇ ಬಂದರೆ ಮೂರು ನಿಮಿಷ ಸಾಕು. ನಮ್ಮ ವಾರ್ಷಿಕೋತ್ಸವದ ಹಾಗೆ ವೇದಿಕೆಯಲ್ಲಿರುವ ಎಲ್ಲರ ಹೆಸರು ಹಿಡಿದು ಸಂಬೋಧಿಸುತ್ತಾ ಹೋಗಬೇಡಿ. ಒಂದು ಹಳೆಯ ನೆನಪು, ಒಂದು ನಗು, ಆಮೇಲೆ ಎಲ್ಲರನ್ನೂ ಎದ್ದು ನಿಲ್ಲಲು ಕೇಳಿ. ಕುರ್ಚಿ ಸರಿಯುವ ಸದ್ದು ನಿಂತ ಮೇಲೆ "ದಿ ಕಾಲೇಜ್" ಎಂದಷ್ಟೇ ಹೇಳಿ. ಮೊದಲೇ ಹೇಳಿದರೆ ಆ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ.